ಕೊಳಲಿಲ್ಲದ ಬೆಟ್ಟ

ಕೊಳ್ಳೇಗಾಲದ ಹಲ್ಲಿನ ಡಾಕ್ಟರು ಕಾಯುವ ಕೋಣೆಯಲ್ಲಿ ಒಂದು ಸ್ಪೀಕರು ಇಡಿಸಿದ್ದಾರೆ. ರೋಗಿಗಳ ಸಮಾಧಾನಕ್ಕೆಂದು ಅದರಲ್ಲಿ ದಿನವಿಡೀ ‘ಬೆಟ್ಟದ ಸಂಗೀತ’ ಬರುತ್ತದೆ. ಕಂಪ್ಯೂಟರಿನಲ್ಲಿ ಮಾಡಿದ ಕೊಳಲು, ಕಂಪ್ಯೂಟರಿನಲ್ಲಿ ಮಾಡಿದ ಝರಿ, ಎಂದೂ ಸುಸ್ತಾಗದ ಒಂದು ಹಕ್ಕಿ. ಮೊದಲೇ ಸಿಡಿಯುತ್ತಿದ್ದ ನನ್ನ ದವಡೆ ಆ ಹಕ್ಕಿಯ ದೆಸೆಯಿಂದ ಇನ್ನಷ್ಟು ಸಿಡಿಯಿತು. ಪಕ್ಕದಲ್ಲಿ ಕಾಡಂಚಿನ ಹೂಗ್ಯದ ರೈತರೊಬ್ಬರು ಕೆನ್ನೆ ಊದಿಸಿಕೊಂಡು ಕೂತಿದ್ದರು. ಹನೂರಿಗೆ ಬಂದು ಬಸ್ಸು ಬದಲಾಯಿಸಿ ಬಂದವರು. “ನಿಮ್ಮೂರ್ ಬೆಟ್ಟದಲ್ಲೂ ಇಂಗೇ ಕೇಳ್ತದಾ?” ಎಂದೆ.

“ಆನೆ ಬಂದ್ರೆ ತಮಟೆ ಬಡೀತೀವಿ ಕಣಕ್ಕ, ಪಟಾಕಿ ಒಡೀತೀವಿ. ಕೊಳ್ಳು ಯಾವನ್ ಊದಾನು?” ಎಂದರು.

ನಗಬೇಕಿತ್ತು, ನಗು ಬರಲಿಲ್ಲ. ಬೆಳಿಗ್ಗೆ ತಾನೇ ನಮ್ಮ ದೊಡ್ಡಪ್ಪನ ಮಗ, ಯುವಕ ಸಂಘದ ಈಗಿನ ಅಧ್ಯಕ್ಷ ಮಂಜ ಮನೆಗೆ ಬಂದಿದ್ದ. ನಮ್ಮ ಬೀದಿಯ ರಾಜ್ಯೋತ್ಸವದಲ್ಲಿ ನಾನು ಹಿಂದೆ ಕಟ್ಟಿದ ‘ಬೆಟ್ಟ’ ಎಂಬ ಸಂಗೀತವನ್ನು ನುಡಿಸಬೇಕಂತೆ, ನಡುವೆ ಒಂಚೂರು ಕೊಳಲು ಸೇರಿಸಬೇಕಂತೆ. ಸಂಜೆಯೊಳಗೆ ಹೇಳುತ್ತೇನೆ ಎಂದಿದ್ದೆ. ಮನಸ್ಸಿನಲ್ಲಿ ಒಪ್ಪಿಯೂ ಆಗಿತ್ತು. ವಯಸ್ಸಾದಂತೆ ನನಗೆ ಹಲ್ಲೂ ಸಡಿಲ, ಹಟವೂ ಸಡಿಲ.

ಆ ‘ಬೆಟ್ಟ’ದ ಕತೆ ನಿಮಗೆ ಹೇಳಬೇಕು. ನಮ್ಮದು ರೇಷ್ಮೆ ನೇಯುವ ಮನೆ. ಅಪ್ಪ ಮಗ್ಗದಲ್ಲಿ ಕೂರುತ್ತಿದ್ದರು, ನಾನು ಸೀರೆಯಂಚಿನ ಡಿಸೈನನ್ನು ಗ್ರಾಫ್ ಹಾಳೆಯ ಚೌಕಗಳಲ್ಲಿ ತುಂಬುತ್ತಿದ್ದೆ. ಆ ಹಾಳೆ ನೋಡಿಕೊಂಡು ರಟ್ಟಿಗೆ ತೂತು ಹೊಡೆದರೆ ಮಗ್ಗ ಅದರಂತೆ ನೂಲು ಎತ್ತುತ್ತದೆ. ಮುಂದೊಂದು ದಿನ ಹಳೆಯ ಲ್ಯಾಪ್‌ಟಾಪಿನಲ್ಲಿ ಸಂಗೀತದ ಸಾಫ್ಟ್‌ವೇರು ತೆರೆದರೆ ಅಲ್ಲೂ ಅದೇ ಚೌಕಗಳು! ತುಂಬಿದ ಕಡೆ ಸದ್ದು, ಬಿಟ್ಟ ಕಡೆ ಮೌನ. ಮೇಲಿನ ಸಾಲಿಗೆ ಏರು ಸ್ವರ, ಕೆಳಗಿನ ಸಾಲಿಗೆ ಇಳಿ ಸ್ವರ. ಸರಿಗಮವನ್ನೇ ಕಲಿಯದ ನಾನು ಆ ದಿನವೇ ನನ್ನನ್ನು ವಿದುಷಿ ಎಂದುಕೊಂಡುಬಿಟ್ಟೆ.

ಮಹಡಿ ಹತ್ತಿ, ಯಳಂದೂರು ದಿಕ್ಕಿನ ಬೆಟ್ಟಸಾಲನ್ನು ನೋಡಿ ನೋಡಿ ಚೌಕಗಳಲ್ಲಿ ತುಂಬಿದೆ. ಆದರೆ ಅಂದು ಬೆಳಗಿನಿಂದ ನಾನು ಗ್ರಾಫ್ ಹಾಳೆಯಲ್ಲಿ ಬರೆಯುತ್ತಿದ್ದದ್ದು ಸೀರೆಯ ಮೇಲಂಚಿನ ಮೊನಚು ಗೋಪುರಗಳನ್ನು. ಸೀರೆಯ ಎರಡು ಅಂಚಿನ ಗೋಪುರಗಳು ಎದುರುಬದುರು ಇರುತ್ತವೆ. ಕೆಳಗಿನದರ ತುದಿ ಮೇಲಕ್ಕೆ, ಮೇಲಿನದರ ತುದಿ ಕೆಳಕ್ಕೆ. ಕೈ ಅದೇ ರೂಢಿಯಲ್ಲಿ ಓಡಿ ಬೆಟ್ಟವನ್ನೂ ತಲೆಕೆಳಗು ಮಾಡಿತ್ತು. ಸ್ಪೀಕರು ಸಿಕ್ಕಿಸಿ ನುಡಿಸಿದರೆ, ಎಲ್ಲಕ್ಕಿಂತ ಎತ್ತರದ ಶಿಖರ ಬಂದಾಗ ಸ್ವರ ಪಾತಾಳಕ್ಕಿಳಿದು ಅಡುಗೆಮನೆಯ ಸ್ಟೀಲ್ ತಟ್ಟೆಗಳು ನಡುಗಿದವು. ಅಳಿಸಲು ಹೋದವಳು ಕೈ ತಡೆದೆ. ಬೆಟ್ಟ ಎತ್ತರ ಎಂದು ನೋಡಲು ಬಂದವರು ಹೇಳುತ್ತಾರೆ, ಅದರ ಬುಡದಲ್ಲಿ ಬದುಕುವವರಿಗೆ ಅದು ಭಾರ. ಇಲ್ಲೇ ಒಡೆಯರಪಾಳ್ಯದಲ್ಲಿ ನೆಲೆಸಿರುವ ಟಿಬೆಟಿನವರ ಉದ್ದನೆಯ ಕಹಳೆ ಕೇಳಿದ್ದೀರಾ? ಹಿಮದ ಬೆಟ್ಟಗಳಿಂದ ಬಂದ ಜನ ಅವರು. ಅವರ ಕಹಳೆಯೂ ನೆಲದೊಳಗಿಂದಲೇ ಗುಡುಗುತ್ತದೆ. ನಾನು ತಿದ್ದಲಿಲ್ಲ.

ಅಪ್ಪ ಮಗ್ಗದ ಗುಂಡಿಯಿಂದಲೇ ಕೂಗಿದರು: “ಇದೇನವ್ವ, ರೈಸ್ ಮಿಲ್ ಓಡ್ದಂಗದೆ?”

ಆ ವರ್ಷ ನಮ್ಮ ಬೀದಿಯ ರಾಜ್ಯೋತ್ಸವದ ವೇದಿಕೆಯಲ್ಲಿ ಅದನ್ನು ನುಡಿಸಬೇಕೆಂಬ ಆಸೆ ಹುಟ್ಟಿತು. ಊಟ ಸೇರದಂಥ ಆಸೆ. ಪರವೂರಿನವರು ಮೆಚ್ಚಿ ನನಗೇನಾಗಬೇಕು? ಆ ಬೆಟ್ಟವನ್ನು ದಿನಾ ಕಾಣುವವರೇ ಕೇಳಬೇಕಿತ್ತು. ಆಗ ನಮ್ಮ ದೊಡ್ಡಪ್ಪ ಯುವಕ ಸಂಘದ ಅಧ್ಯಕ್ಷರು. ಅವರಿಗಾಗಲೇ ಮೊಮ್ಮಕ್ಕಳಿದ್ದರು. ಹೋಗಿ ಕೇಳಿಸಿದೆ.

“ಬೆಟ್ಟ ಅಂದ್ಮೇಲೆ ಕೊಳ್ಳು ಇರ್ಬೇಕು ಕಣಮ್ಮಿ. ಇದ್ಯಾವ್ ಗೋಳು? ಕೊಳ್ಳು ಆಕು, ಇಲ್ದಿದ್ರೆ ಸ್ಟೇಜ್ ಅತ್ಬ್ಯಾಡ.”

“ಆಕಕಿಲ್ಲ ದೊಡ್ಡಪ್ಪ” ಎಂದು ಎದ್ದು ಬಂದುಬಿಟ್ಟೆ. ಮನೆಗೆ ಬಂದು ಅತ್ತದ್ದೂ ನಿಜ.

ರಾಜ್ಯೋತ್ಸವದ ಸಂಜೆ ಭಾಷಣಗಳು ಮುಗಿದು ಬೀದಿಯಲ್ಲಿ ಊಟಕ್ಕೆ ಎಲೆ ಹಾಕಿದರು. ನಾನು ಪೆಂಡಾಲಿನವರಿಂದ ತಂದ ಸ್ಪೀಕರು ಬಾಕ್ಸುಗಳನ್ನು ನಮ್ಮ ಮಹಡಿಯ ಮೇಲಿಟ್ಟು, ಬೀದಿಗೆ ಮುಖ ಮಾಡಿ, ‘ಬೆಟ್ಟ’ವನ್ನು ಹಾಕಿಯೇಬಿಟ್ಟೆ. ಎಲೆಯ ಮುಂದಿದ್ದವರು ತಲೆ ಎತ್ತಿದರು, ನಾಯಿಗಳು ಬೊಗಳಿದವು. “ನಿಲ್ಸಮ್ಮಿ ಅದ!” ಎನ್ನುತ್ತ ದೊಡ್ಡಪ್ಪ ನಮ್ಮ ಮಹಡಿಯ ಮೆಟ್ಟಿಲಿಗೆ ನುಗ್ಗಿದರು. ಅಲ್ಲಿ ಅಡ್ಡಲಾಗಿ ಅಪ್ಪ ಕೂತಿದ್ದರು. ಅಣ್ಣನೆದುರು ಎಂದೂ ಕೂತು ಮಾತಾಡಿದವರಲ್ಲ.

“ನಂಗೂ ಇಡುಸ್ನಿಲ್ಲ ಕಣಣ್ಣ,” ಎಂದರು, ಏಳದೆ. “ಆದ್ರೆ ಮಗ್ಗದ ಮ್ಯಾಲಿರೋ ಸೀರೆಯ ಯಾರಾರ ಅರ್ದಕ್ಕೇ ಕುಯ್ದಾರಾ? ಮುಗೀಲಿ, ಕೂತ್ಕೊ.”

ಮುಗಿಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ದೊಡ್ಡಪ್ಪ ಬಹಳ ದಿನ ನಮ್ಮ ಮನೆಯ ಕಾಫಿ ಮುಟ್ಟಲಿಲ್ಲ. ಅಪ್ಪ ಈಗಿಲ್ಲ. ತನಗೆ ಹಿಡಿಸದ ಸದ್ದಿಗಾಗಿ ಒಡಹುಟ್ಟಿದವನಿಗೆ ಅಡ್ಡ ಕೂತ ಆ ಮನುಷ್ಯನನ್ನು ಮಹಡಿಯ ಮೆಟ್ಟಿಲು ಹತ್ತುವಾಗಲೆಲ್ಲ ಇವತ್ತಿಗೂ ನೆನೆಯುತ್ತೇನೆ.

ಕಾಯುವ ಕೋಣೆಯಲ್ಲಿ ಕೊಳಲು ಇನ್ನೂ ನುಡಿಯುತ್ತಲೇ ಇತ್ತು. ನೋಯುವ ದವಡೆಯಲ್ಲೇ ಮಂಜನಿಗೆ ಫೋನು ಮಾಡಿದೆ.

“ಕೊಳ್ಳು ಆಕಕಿಲ್ಲ ಕಣ್ಲಾ. ಬೇಕಾದ್ರೆ ಇರೋ ಅಂಗೇ ನುಡುಸ್ತೀನಿ. ಬ್ಯಾಡ್ದಿದ್ರೆ ನಮ್ ಮಾಡಿ ಮ್ಯಾಲೆ ಬಾಕ್ಸ್ ಇಡ್ತೀನಿ.”

“ಜನ ಎದ್ದೋಯ್ತರೆ ಕಣಕ್ಕ!”

“ಓಗ್ಲಿ ಬುಡ್ಲಾ. ಬೆಟ್ಟ ಎದ್ದೋಗಕಿಲ್ಲ.”