ಸೋಮವಾರದ ಹನ್ನೊಂದು ಚುಕ್ಕೆಗಳು

ಅವರ ಬಲಗೈ ಹೆಬ್ಬೆರಳು ಸುಮ್ಮನಿರುತ್ತಿರಲಿಲ್ಲ. ಟೀ ಲೋಟ ಹಿಡಿದಿದ್ದಾಗಲೂ, ಮೆಟ್ರೋದಲ್ಲಿ ಕಂಬಿ ಹಿಡಿದು ನಿಂತಾಗಲೂ ಅದು ಇಲ್ಲದ ಗುಂಡಿಯೊಂದನ್ನು ಒತ್ತುತ್ತಲೇ ಇರುತ್ತಿತ್ತು. ಇಪ್ಪತ್ತು ವರ್ಷ ಸೂಕ್ಷ್ಮದರ್ಶಕದ ಪಕ್ಕ ಎಣಿಕೆಯಂತ್ರ ಇಟ್ಟುಕೊಂಡು ಕೂತವರ ಬೆರಳು. ತುದಿಯ ಚರ್ಮ ದಪ್ಪಗಟ್ಟಿ ಹೊಳೆಯುತ್ತಿತ್ತು.

ಪೀಣ್ಯದ ನಮ್ಮ ಲ್ಯಾಬಿನಲ್ಲಿ ಅವರು ಸೂಕ್ಷ್ಮದರ್ಶಕದಲ್ಲಿ ನೋಡಿ ಎಣಿಸುವ ಹಿರಿಯ ರೀಡರ್, ಟಿ. ದಾಸರಹಳ್ಳಿಯಿಂದ ಬರುತ್ತಿದ್ದರು. ನಾನು ಎಂ.ಎಸ್ಸಿ. ಮುಗಿಸಿ, ಆರು ತಿಂಗಳ ಪ್ರೊಬೇಷನ್ ಮೇಲೆ ಅವರ ಪಕ್ಕದ ಮೇಜಿಗೆ ಸೇರಿದವಳು. ಹೊಸ ಔಷಧವೊಂದು ನಮ್ಮ ವಂಶವಾಹಿಗಳಿಗೆ ಹಾನಿ ಮಾಡುತ್ತದೆಯೇ ಎಂದು ನೋಡುವುದು ಅಲ್ಲಿನ ಕೆಲಸ. ಮನುಷ್ಯರ ರಕ್ತದ ಜೀವಕೋಶಗಳನ್ನು ಬೆಳೆಸಿ, ಕೆಲವಕ್ಕೆ ಔಷಧ ಹಾಕಿ, ಕೆಲವನ್ನು ಹಾಗೆಯೇ ಬಿಟ್ಟು, ಕೊನೆಗೆ ಎಲ್ಲವನ್ನೂ ಗಾಜಿನ ಸ್ಲೈಡುಗಳ ಮೇಲೆ ಹರಡಿ ಬಣ್ಣ ಕೊಡುತ್ತಾರೆ. ಹಾನಿಗೊಂಡ ಜೀವಕೋಶ ಒಡೆದು ಎರಡಾಗುವಾಗ ಅದರ ವಂಶವಾಹಿಯ ಒಂದು ಚೂರು ಕೇಂದ್ರದ ಹೊರಗೆ ಉಳಿದುಬಿಡುತ್ತದೆ. ದೊಡ್ಡ ನೇರಳೆ ಉಂಡೆಯ ಪಕ್ಕ ಸಾಸಿವೆಯಂಥ ಚುಕ್ಕೆ. ಆರೋಗ್ಯವಂತರ ರಕ್ತದಲ್ಲೂ ಇವು ಒಂದಿಷ್ಟು ಇರುತ್ತವೆ. ಔಷಧ ಬಿದ್ದ ಮೇಲೆ ಹೆಚ್ಚಿದರೆ ಅಪಾಯ. ಯಾವ ಸ್ಲೈಡಿನಲ್ಲಿ ಔಷಧವಿದೆ ಎಂಬುದು ಎಣಿಸುವವರಿಗೆ ಗೊತ್ತಿರಬಾರದೆಂದು ಅವುಗಳ ಮೇಲೆ ಬರೀ ಕೋಡ್ ನಂಬರ್ ಇರುತ್ತದೆ.

ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಪವರ್ ಪ್ರೆಸ್ ಬಡಿದಾಗಲೆಲ್ಲ ನಮ್ಮ ಮೇಜು ಅದುರಿ ಚುಕ್ಕೆಗಳು ಕದಡುತ್ತಿದ್ದವು. ಅವರು ಎರಡು ಬಡಿತಗಳ ನಡುವೆ ನೋಡುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ನನಗೂ ಕಲಿಸಿದರು. "ಅದು ಬಡೀವಾಗ ಉಸಿರು ಬಿಡಮ್ಮ, ನಿಂತಾಗ ನೋಡು" ಎನ್ನುತ್ತಿದ್ದರು. ಹೆಣ್ಣು ನೋಡಲು ಹೋದಾಗ ಏನು ಕೆಲಸವೆಂದು ಕೇಳಿದ್ದಕ್ಕೆ, ಚುಕ್ಕೆ ಎಣಿಸುತ್ತೇನೆ ಎಂದಿದ್ದರಂತೆ. "ಆವತ್ತಿಂದ ಅಕ್ಕಿ ಆರಿಸೋ ಮೊರ ನನ್ ಕೈಗೇ ಬಂತು" ಎಂದು ನಗುತ್ತಿದ್ದರು.

ಸೋಮವಾರ ಬೆಳಿಗ್ಗೆ ಬೇರೆ ಯಾವುದನ್ನೂ ಮುಟ್ಟುವ ಮೊದಲು ಡ್ರಾಯರಿನಿಂದ ಒಂದು ಹಳೆಯ ಸ್ಲೈಡ್ ತೆಗೆಯುತ್ತಿದ್ದರು. ಲ್ಯಾಬ್ ಶುರುವಾದ ಹೊಸತರಲ್ಲಿ ಅವರದೇ ರಕ್ತದಿಂದ ಮಾಡಿದ್ದು. ಅದರ ಮೇಲೆ ಗೀರಿದ ಚೌಕದೊಳಗೆ ಹನ್ನೊಂದು ಚುಕ್ಕೆಗಳಿದ್ದವು. ಹನ್ನೊಂದೂ ಸಿಕ್ಕಿದರೆ ಕಣ್ಣು ಸರಿಯಿದೆ ಎಂದು ಲೆಕ್ಕ. ಪ್ರತಿ ವಾರವೂ ಹನ್ನೊಂದೇ ಬರುತ್ತಿತ್ತು.

ನಾನು ಸೇರಿದ ನಾಲ್ಕನೇ ತಿಂಗಳು ಕೀಲುನೋವಿನ ಮಾತ್ರೆಯೊಂದು ಪರೀಕ್ಷೆಗೆ ಬಂತು. ನಿಯಮದಂತೆ ಅದೇ ಸ್ಲೈಡುಗಳನ್ನು ಇಬ್ಬರೂ ಬೇರೆ ಬೇರೆಯಾಗಿ ಎಣಿಸಿದೆವು. ಹಲವು ಸ್ಲೈಡುಗಳಲ್ಲಿ ನನ್ನ ಎಣಿಕೆ ಅವರದಕ್ಕಿಂತ ಬಹಳ ಹೆಚ್ಚಾಗಿತ್ತು.

ಮ್ಯಾನೇಜರ್ ನನ್ನನ್ನು ಕರೆಸಿದರು. "ಸಾರ್ ಇಪ್ಪತ್ತು ವರ್ಷದಿಂದ ನೋಡ್ತಿದ್ದಾರೆ. ನೀನು ಬಣ್ಣದ ಕಸಾನೂ ಎಣಿಸಿದೀಯ. ಮತ್ತೆ ಓದು. ಪ್ರೊಬೇಷನ್ ರಿವ್ಯೂ ಹತ್ರ ಬಂತು, ಗೊತ್ತಲ್ಲ?"

ಎರಡು ದಿನ ಮತ್ತೆ ಓದಿದೆ. ಕೆಲವು ಚುಕ್ಕೆಗಳನ್ನು ಕಸವೆಂದು ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನ ಕೆಲಸ ಉಳಿಯುತ್ತಿತ್ತು, ಮಾತ್ರೆಯೂ ಪಾಸಾಗುತ್ತಿತ್ತು. ಪ್ರೆಸ್ ಬಡಿಯುತ್ತಿತ್ತು. ಒಂದೊಂದು ಚುಕ್ಕೆಗೂ ನನ್ನ ಬೆರಳು ಗುಂಡಿಯ ಮೇಲೆ ತಡೆಯುತ್ತಿತ್ತು. ಕೊನೆಗೆ ಹೆಚ್ಚುಕಡಿಮೆ ಮೊದಲಿನ ಸಂಖ್ಯೆಗಳೇ ಬಂದವು. ಅವನ್ನೇ ಬರೆದುಕೊಟ್ಟೆ.

ಆ ಮಧ್ಯಾಹ್ನ ಪಕ್ಕದ ಮೇಜಿನಿಂದ ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು.

"ಒಂದ್ ಮಾತು ಕೇಳ್ತೀನಿ. ನನ್ ಜಾಗದಲ್ಲಿ ಕೂತಾಗ ಮೈಕ್ರೋಸ್ಕೋಪ್ ಲೈಟ್ ಇಳಿಸ್ತೀಯಾ?"

"ಹೂಂ ಸಾರ್."

"ಯಾವಾಗಿಂದ?"

"ಸೇರಿದಾಗಿಂದ."

"ನಂಗೆ ಯಾಕೆ ಹೇಳ್ಲಿಲ್ಲ?"

ಅವರು ಬೆಳಕನ್ನು ಕಣ್ಣು ಕುಕ್ಕುವಷ್ಟು ಏರಿಸಿಟ್ಟುಕೊಳ್ಳುತ್ತಿದ್ದರು. ಗಮನಿಸಿದ್ದೆ, ಹೇಳುವುದು ಅಧಿಕಪ್ರಸಂಗವೆಂದು ಸುಮ್ಮನಿದ್ದೆ.

ಅವರು ಡ್ರಾಯರಿನಿಂದ ಸೋಮವಾರದ ಸ್ಲೈಡ್ ತೆಗೆದು ನನ್ನ ಕೈಗಿಟ್ಟರು. "ಇವತ್ತು ನೀನಿಡು. ಅತ್ಲಾಗಿನ್ ತುದಿ ಇತ್ಲಾಗಿ ಬರ್ಲಿ" ಎಂದು ಗೋಡೆಯತ್ತ ಮುಖ ಮಾಡಿ ನಿಂತರು. ನಾನು ಅದನ್ನು ತಿರುಗಿಸಿ ಇಟ್ಟೆ.

ಅವರು ಕೂತರು. ಪ್ರತಿ ಚುಕ್ಕೆಗೂ ಯಂತ್ರ ಟಿಕ್ ಎನ್ನುತ್ತಿತ್ತು. ನಾನು ಕೇಳಿಸಿಕೊಂಡು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಐದು. ಆರು. ಬಹಳ ಹೊತ್ತಿನ ಮೇಲೆ ಏಳು. ಆಮೇಲೆ ಪ್ರೆಸ್ಸಿನ ಬಡಿತ ಮಾತ್ರ. ಚೌಕದ ಕೊನೆಯ ಅಂಚಿನವರೆಗೂ ಹೋಗಿ, ಮೊದಲಿಂದ ಇನ್ನೊಮ್ಮೆ ನೋಡಿದರು. ಆಗಲೂ ಏಳೇ.

ತಲೆ ಎತ್ತಿದಾಗ ಕಣ್ಣಿನ ಸುತ್ತ ಐಪೀಸಿನ ಗುರುತು ಮೂಡಿತ್ತು.

"ಇಷ್ಟು ದಿನ ನಾನು ನೋಡ್ತಾನೇ ಇರ್ಲಿಲ್ಲ ಕಣಮ್ಮ. ಎಲ್ಲೆಲ್ಲಿವೆ ಅಂತ ಬಾಯಿಪಾಠ ಆಗಿತ್ತು. ನೆನಪಿಂದ ಒತ್ತಿದೀನಿ." ಸ್ಲೈಡನ್ನು ಹೊರತೆಗೆಯುತ್ತಾ ಅಂದರು, "ಮೊನ್ನೆ ಅನ್ನದಲ್ಲಿ ಕಲ್ಲು ಸಿಕ್ತು. ನನ್ ಹೆಂಡ್ತೀನೂ ಏನೂ ಅನ್ಲಿಲ್ಲ."

ಸಂಜೆಯೊಳಗೆ ಕೈಬರಹದಲ್ಲಿ ಒಂದು ಪತ್ರ ಬರೆದು, ನನ್ನನ್ನೂ ಕರೆದುಕೊಂಡು ಮ್ಯಾನೇಜರ್ ಕೋಣೆಗೆ ಹೋದರು. ಈ ಮಾತ್ರೆಯದಷ್ಟೇ ಅಲ್ಲ, ಕಳೆದ ಒಂದು ವರ್ಷ ತಾವು ಎಣಿಸಿದ್ದನ್ನೆಲ್ಲ ಇನ್ನೊಬ್ಬರಿಂದ ಓದಿಸಬೇಕೆಂದು ಅದರಲ್ಲಿತ್ತು. ಮ್ಯಾನೇಜರ್ ಎದ್ದು ಬಾಗಿಲು ಹಾಕಿದರು.

"ಇದೊಂದನ್ನ ಓದ್ಸೋಣ ಸಾರ್. ಕಳಿಸಿಬಿಟ್ಟಿರೋ ರಿಪೋರ್ಟ್‌ಗಳನ್ನ ಯಾಕೆ ಕೆದಕ್ತೀರಿ? ನಿಮ್ಮ ಇಪ್ಪತ್ತು ವರ್ಷದ ಹೆಸರು ಹೋಗುತ್ತೆ."

"ಹೋಗ್ಲಿ ಸಾರ್. ಮಾತ್ರೆ ನುಂಗೋರಿಗೆ ನನ್ ಹೆಸರು ಗೊತ್ತೇ ಇಲ್ವಲ್ಲ."

ಅವರ ಹೆಬ್ಬೆರಳು ಅಲ್ಲಾಡದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೊರಗಿನಿಂದ ಬಂದ ಮೂರನೆಯ ರೀಡರ್‌ಗೆ ಸಿಕ್ಕ ಸಂಖ್ಯೆಗಳು ನನ್ನವಕ್ಕೆ ಹತ್ತಿರವಿದ್ದವು. ಕೋಡ್ ಬಿಚ್ಚಿದಾಗ, ಚುಕ್ಕೆ ಹೆಚ್ಚಿದ್ದವೆಲ್ಲ ಔಷಧ ಬಿದ್ದ ಸ್ಲೈಡುಗಳೆಂದು ಗೊತ್ತಾಯಿತು. ಮಾತ್ರೆ ಇನ್ನಷ್ಟು ಪರೀಕ್ಷೆಗಳಿಗೆ ಹಿಂದೆ ಹೋಯಿತು, ಮುಂದೇನಾಯಿತೋ ತಿಳಿಯದು. ಹಳೆಯ ವರದಿಗಳಲ್ಲಿ ಎರಡನ್ನು ತಿದ್ದಬೇಕಾಯಿತು. ಮ್ಯಾನೇಜರ್ ನನ್ನ ರಿವ್ಯೂ ಕಾಗದಕ್ಕೆ ಸಹಿ ಹಾಕಿದರು.

ಸಕ್ಕರೆ ಕಾಯಿಲೆಯಿಂದ ಅವರಿಗೆ ಬೇಗನೆ ಕಣ್ಣಿನ ಪೊರೆ ಬಂದಿತ್ತು. ಆಪರೇಷನ್ ಆಗಿ ದೃಷ್ಟಿ ಮರಳಿತಾದರೂ ಅವರು ಮತ್ತೆ ಆ ಕುರ್ಚಿಯನ್ನು ಕೇಳಲಿಲ್ಲ. ಪಕ್ಕದ ಕೋಣೆಯಲ್ಲಿ ಸ್ಲೈಡುಗಳಿಗೆ ಕೋಡ್ ಅಂಟಿಸುವ ಕೆಲಸ ತೆಗೆದುಕೊಂಡರು. ಜಾಗ ಬಿಟ್ಟುಕೊಟ್ಟ ದಿನ ಹಳೆಯ ಸ್ಲೈಡನ್ನು ನನಗೆ ಕೊಟ್ಟು, "ಇದು ನಿಂಗೆ ಬಾಯಿಪಾಠ ಆಗೋಕೆ ಬಿಡ್ಬೇಡ" ಎಂದಷ್ಟೇ ಹೇಳಿದರು.

ಹೋದ ವರ್ಷ ಹೃದಯಾಘಾತವಾಗಿ ತೀರಿಕೊಂಡರು. ದಾಸರಹಳ್ಳಿಯ ಅವರ ಮನೆಗೆ ಹೋದಾಗ ಬೇಗ ಎದ್ದು ಬಂದೆ.

ಈಗ ಅವರ ಕುರ್ಚಿಯಲ್ಲಿ ನಾನಿದ್ದೇನೆ. ಸೋಮವಾರ ಬೆಳಿಗ್ಗೆ ಹತ್ತಿರ ಯಾರಿರುತ್ತಾರೋ ಅವರ ಕೈಗೆ ಆ ಸ್ಲೈಡ್ ಕೊಟ್ಟು ಗೋಡೆಯತ್ತ ತಿರುಗಿ ನಿಲ್ಲುತ್ತೇನೆ. ಯಾವ ತುದಿ ಯಾವ ಕಡೆ ಇಟ್ಟರೆಂದು ಕೇಳುವುದಿಲ್ಲ. ಚೌಕದೊಳಗೆ, ಅವರಿಗೆ ಮೂವತ್ತು ವರ್ಷ ತುಂಬುವ ಮೊದಲಿನ ಜೀವಕೋಶಗಳು ಇನ್ನೂ ನೇರಳೆಯಾಗಿಯೇ ಇವೆ. ಪ್ರೆಸ್ ಬಡಿಯುವಾಗ ಉಸಿರು ಬಿಡುತ್ತೇನೆ, ನಿಂತಾಗ ನೋಡುತ್ತೇನೆ.

ಈ ಸೋಮವಾರ ಹತ್ತರ ನಂತರ ಬಹಳ ಹೊತ್ತು ಏನೂ ಸಿಗಲಿಲ್ಲ. ಬೆಳಕು ಹೆಚ್ಚಿಸಲು ಕೈ ಹೋಯಿತು, ಹಿಂತೆಗೆದುಕೊಂಡೆ. ಆಮೇಲೆ ಹನ್ನೊಂದನೆಯದು ಕಂಡಿತು.