ಹುಡುಕುವವರಿಗಾಗಿ ಬರೆದ ಹೆಸರು

ಚಿನ್ನೂ, ಪುಟ್ಟೂ,

ಅಜ್ಜನ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಯಾಕೆ ಬರೆದೆ ಎಂದು ನೀವು ಕೇಳಿದಾಗ ನಾನು ನಕ್ಕು ಸುಮ್ಮನಾಗಿದ್ದೆ. ಬಾಯಿಬಿಟ್ಟು ಹೇಳಲು ನನಗೆ ಸಂಕೋಚ. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತಿದ್ದೇನೆ, ಬರೆದು ತಿಳಿಸಬಲ್ಲೆ.

ಅಜ್ಜ ವಾಯುಸೇನೆಯಲ್ಲಿ ಪ್ಯಾರಾಶೂಟ್ ಮಡಚುವ ಕೆಲಸದಲ್ಲಿದ್ದರು. ಉದ್ದನೆಯ ಮೇಜಿನ ಒಂದು ತುದಿಗೆ ಅವರು, ಇನ್ನೊಂದು ತುದಿಗೆ ಗದಗ ಕಡೆಯ ಒಬ್ಬ ಗೆಳೆಯರು. ನಿವೃತ್ತಿಯಾದ ಮೇಲೆ ನಾವು ಇಲ್ಲೇ ನಾಗಪುರದ ಪ್ರತಾಪ ನಗರದಲ್ಲಿ ಉಳಿದೆವು, ಗೆಳೆಯರು ಊರಿಗೆ ಹೋದರು. ತಿಂಗಳಿಗೊಮ್ಮೆ ಫೋನು ಇರುತ್ತಿತ್ತು. ಕಡೆಯ ಫೋನಿನಲ್ಲಿ ಏನೋ ಹಳೆಯ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ಅಜ್ಜ ಫೋನು ಇಟ್ಟುಬಿಟ್ಟಿದ್ದರು. ಆಸ್ಪತ್ರೆಗೆ ಸೇರಿದಾಗ ಅವರು ನನಗೆ ಹೇಳಿದ್ದು ಒಂದೇ ಕೆಲಸ: "ನಾ ಹೋದರ ಅವಗ ತಿಳಸು. ಸಿಟ್ಟ ಮಾಡಕೊಂಡ ಹೋದ ಅನ್ನಬಾರದು."

ಅಜ್ಜ ಮನೆಗೆ ಮರಳಲಿಲ್ಲ. ಗೆಳೆಯರಿಗೆ ತಿಳಿಸಲೂ ಆಗಲಿಲ್ಲ. ಗೆಳೆಯರ ನಂಬರು ಅಜ್ಜನ ಮೊಬೈಲಿನಲ್ಲಿ ಮಾತ್ರ ಇತ್ತು. ಆಸ್ಪತ್ರೆಯ ಓಡಾಟದಲ್ಲಿ ಆ ಮೊಬೈಲು ಕಳೆಯಿತು. ನಿಮ್ಮಪ್ಪ ಸಿಮ್ ಬಂದ್ ಮಾಡಿಸಿದ. ಅವರು ಫೋನು ಮಾಡಿದ್ದರೂ ನಮಗೆ ಗೊತ್ತಾಗುವಂತಿರಲಿಲ್ಲ. ಹೀಗೇ ಎರಡು ವರ್ಷ ಹೋಯಿತು.

ನಿಮ್ಮಮ್ಮ ಮನೆಯಲ್ಲೇ ಕೂತು ಅಂಗಡಿಗಳಿಗೆ, ದವಾಖಾನೆಗಳಿಗೆ ಬ್ಲಾಗ್ ಬರೆದುಕೊಡುತ್ತಾಳಲ್ಲ, ನನಗೂ ಒಂದು ಬ್ಲಾಗ್ ತೆರೆದುಕೊಟ್ಟಳು. ಗೆಳೆಯರು ಎಂದಾದರೂ ಹುಡುಕಿದರೆ ಕಣ್ಣಿಗೆ ಬೀಳಲಿ ಎಂದು ಬರೆಯತೊಡಗಿದೆ. 'ಇವರ ಬೆಳಗು', 'ಇವರು ಮತ್ತು ಸೈಕಲ್ಲು' ಎಂದೆಲ್ಲ ಒಂಬತ್ತು ಲೇಖನಗಳಾದವು. ಓದಿದವಳು ನಿಮ್ಮಮ್ಮ ಒಬ್ಬಳೇ.

"ಅತ್ಯಾರ, 'ಇವರು' ಅಂತ ಹಾಕಿದ್ರ ಇಡೀ ದೇಶದ ಗಂಡಂದ್ರು ಬರ್ತಾರ್ರಿ. ಅವರೊಳಗ ನಮ್ಮ ಮಾವಾರು ಹೆಂಗ ಸಿಗಬೇಕು?" ಎಂದು ನಕ್ಕಳು.

ಆಮೇಲೆ ತನ್ನ ಕೆಲಸದ ಕಥೆ ಹೇಳಿದಳು. ಲಕ್ಷ್ಮೀ ನಗರದ ಒಂದು ಗಾದಿ ಅಂಗಡಿಗೆ 'ಸುಖನಿದ್ರೆಯ ಸಂಗಾತಿ' ಎಂದು ಬರೆದಿದ್ದಳಂತೆ, ಯಾರೂ ಬರಲಿಲ್ಲ. 'ಬೆನ್ನುನೋವಿಗೆ ಯಾವ ಗಾದಿ ಒಳ್ಳೆಯದು' ಎಂದು ಬದಲಿಸಿದ ಮೇಲೆ ಜನ ಬಂದರಂತೆ.

"ಹುಡುಕೋರು ಏನ್ ಟೈಪ್ ಮಾಡ್ತಾರ, ಅದ ಕೀವರ್ಡ್ ರಿ. ಮಾವಾರ ಹೆಸರ ಹಾಕ್ರಿ, ಬರೋಬರ್ ಸಿಗತಾರ."

"ಅದೊಂದು ಬ್ಯಾಡವಾ," ಎಂದೆ.

ಗಂಡನ ಹೆಸರನ್ನು ನಾನು ಹೇಳಿದ್ದು ಒಡಪಿನಲ್ಲಿ ಮಾತ್ರ. ಎರಡು ಸಾಲಿನ ಪ್ರಾಸದೊಳಗೆ ಹೆಸರನ್ನು ಸೇರಿಸಿ ಬೇಗ ಹೇಳಿ ಮುಗಿಸಿಬಿಡುವುದು. ಮದುವೆಯಲ್ಲಿ ಹೇಳಿದೆ. ಆಮೇಲೆ ಇಲ್ಲಿ ಸಂಕ್ರಾಂತಿಯ ಹಳದಿ ಕುಂಕುಮಕ್ಕೆ ಹೋದಾಗ ಮರಾಠಿ ಹೆಂಗಸರು ಪಟ್ಟು ಹಿಡಿದರೆ ಹೇಳುತ್ತಿದ್ದೆ. ವಿಧವೆಯನ್ನು ಯಾರೂ ಒಡಪು ಕೇಳುವುದಿಲ್ಲ. ಅಜ್ಜ ಹೋದ ಮೇಲೆ ಆ ಹೆಸರು ನನ್ನ ಬಾಯಿಂದ ಬಂದಿಲ್ಲ. ಈ ಹಾಳೆಗಳಲ್ಲಿಯೂ ಬರೆಯುತ್ತಿಲ್ಲ.

ನಿಮ್ಮಮ್ಮ, "ಹಂಗಾರ ಒಡಪ ಕಟ್ಟಿ ಹಾಕ್ರಿ. ಕಂಪ್ಯೂಟರಿಗೆ ಹೆಸರಿದ್ರ ಸಾಕು," ಎಂದಳು.

ಎರಡು ದಿನ ಯೋಚಿಸಿ ಒಂದು ಒಡಪು ಬರೆದೆ. ಒಮ್ಮೆ ಬರೆದ ಮೇಲೆ ಕೈಗೆ ಸಂಕೋಚ ಉಳಿಯಲಿಲ್ಲ. ಹೆಸರು ಹೆಚ್ಚಿದಷ್ಟೂ ಬೇಗ ಸಿಗುತ್ತಾರೆ ಎಂದುಕೊಂಡು, ರಾಮನಾಮ ಬರೆಯುವ ವಹಿಯ ಹಾಳೆ ತುಂಬಿಸಿದ ಹಾಗೆ ಅದರ ಕೆಳಗೆ ನೂರೆಂಟು ಸಲ ಬರೆದೆ.

"ಯವ್ವಾ! ಜಪದ ವಹಿ ಮಾಡಿ ಇಟ್ಟೀರಲ್ರಿ!" ಎಂದಳು ನಿಮ್ಮಮ್ಮ. "ಇಷ್ಟ ಸಲ ಹಾಕಿದ್ರ ಏನೋ ಮೋಸ ಐತಿ ಅಂತ ಆ ಕಂಪ್ಯೂಟರ್ ನಮ್ಮನ್ನ ಹಿಂದ ತಳ್ಳತೈತಿ. ಮೂರ್ನಾಕ ಸಲ ಸಾಕ್ರಿ."

ಒಟ್ಟಿಗೆ ಅಳಿಸುವುದು ನನಗೆ ಗೊತ್ತಿರಲಿಲ್ಲ. ನೂರಾನಾಲ್ಕು ಹೆಸರನ್ನು ಒಂದೊಂದಾಗಿ ಅಳಿಸಿದೆ.

ಬರೀ ಹೆಸರು ಹಾಕಿದರೂ ಸಾಲಲಿಲ್ಲ. ಅದೇ ಹೆಸರಿನ ವಕೀಲರು, ಡಾಕ್ಟರರು, ಭಜನೆ ಹಾಡುವವರು ಮೊದಲು ಬರುತ್ತಿದ್ದರು. ಗೆಳೆಯರ ಜಾಗದಲ್ಲಿ ಕೂತು ಯೋಚಿಸಿ ಎಂದಳು ನಿಮ್ಮಮ್ಮ. ಯೋಚಿಸಿದೆ. ಅವರು ಹೆಸರು ಹಾಕಿ, ನಾಗಪುರ ಎಂದು ಹಾಕಿ, ಆಮೇಲೆ ಪ್ಯಾರಾಶೂಟ್ ಎಂದೇ ಹಾಕುತ್ತಾರೆ ಅನ್ನಿಸಿತು. ಅವೇ ಮಾತುಗಳನ್ನು ತಲೆಬರಹದಲ್ಲಿಟ್ಟೆ. ಕೊನೆಗೆ 'ತೀರಿಕೊಂಡರು' ಎಂದು ಸೇರಿಸುವಾಗ ಕೈ ನಿಂತಿತು. ಆದರೆ ತಿಳಿಸಬೇಕಾದದ್ದು ಅದೇ ಆಗಿತ್ತು. ನಿಮ್ಮಮ್ಮ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿಯೂ ಬರೆದಳು.

ನಾಲ್ಕು ತಿಂಗಳು ಏನೂ ಆಗಲಿಲ್ಲ. ಒಂದು ದಿನ ಲೇಖನದ ಕೆಳಗೆ ಗೆಳೆಯರ ಮಗಳು ಬರೆದಿದ್ದಳು. ಅಪ್ಪ ತಾವೇ ಟೈಪ್ ಮಾಡಿ ಹುಡುಕಿದರು, ಫೋನ್ ನಂಬರ್ ಕೊಡಿ ಎಂದು. ಆ ಸಂಜೆಯೇ ಗೆಳೆಯರ ಫೋನು ಬಂತು. ಅತ್ತಿಗೆಯೆಂದು ಅವರು ನನ್ನನ್ನು ವೈನಿ ಎಂದೇ ಕರೆಯುತ್ತಿದ್ದರು.

"ವೈನೀ, ಎಷ್ಟ ಸಲ ಹಚ್ಚಿದ್ರೂ ಫೋನ್ ಹತ್ತವಲ್ದು. ಜಗಳಾ ಆಗಿತ್ತಲ್ಲ, ಸಿಟ್ಟಿಗೆ ನಂಬರ್ ಬದಲಿ ಮಾಡ್ಯಾನ ಅಂತ ತಿಳದಿದ್ದೆ."

"ಸಿಟ್ಟಿರಲಿಲ್ರಿ," ಎಂದೆ. "ನಿಮಗ ತಿಳಸು ಅಂತ ಹೇಳಿದ್ರು. ನಂಗ ತಡಾ ಆತು."

ಅಜ್ಜ ಹೋದದ್ದು ಯಾವ ತಾರೀಖು ಎಂದು ಅವರು ಕೇಳಿದರು. ಹೇಳಿದೆ. ಒಂದೊಂದೇ ಅಂಕಿಯನ್ನು ತಿರುಗಿ ಹೇಳಿಕೊಳ್ಳುತ್ತ, "ಬರಕೊಂಡೆ ವೈನಿ," ಎಂದರು. ಫೋನು ಇಟ್ಟರು.

ಮಕ್ಕಳೇ, ನೀವಿನ್ನೂ ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ಓದುತ್ತೀರಿ. ಸರಾಗವಾಗಿ ಓದಲು ಬರುವವರೆಗೆ ಈ ಹಾಳೆಗಳು ನಿಮ್ಮಮ್ಮನ ಕಪಾಟಿನಲ್ಲಿರಲಿ. ರದ್ದಿಯವನು ಬಂದಾಗ ಹಳೆಯ ಪೇಪರುಗಳ ಜೊತೆ ಹೋಗಿಬಿಡದಂತೆ ಆಮೇಲೆ ನೀವಿಬ್ಬರೂ ನೋಡಿಕೊಳ್ಳಿ.