ಲಲಿತಾಳ ಅರ್ಜಿ ಎರಡು ಸಲ ವಾಪಸಾದದ್ದು

2012ರಲ್ಲಿ ನಾನು ಕುಂಬಳೆ ಸಮೀಪದ ಒಂದು ಪುನರ್ವಸತಿ ಕೇಂದ್ರದಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಪುತ್ತಿಗೆಯಲ್ಲಿ ಬೀಡಿ ಕಟ್ಟುತ್ತಿದ್ದ ಕಮಲಕ್ಕ ವಾರಕ್ಕೊಮ್ಮೆ ಮಗಳು ಲಲಿತಾಳನ್ನು ಆಟೋದಲ್ಲಿ ಕರೆತರುತ್ತಿದ್ದರು. ಲಲಿತಾಳಿಗೆ ಇಪ್ಪತ್ತಾರು ವರ್ಷ. ಹುಟ್ಟುವಾಗ ಮೆದುಳಿಗಾದ ಹಾನಿ, ಅಂದರೆ ಸೆರೆಬ್ರಲ್ ಪಾಲ್ಸಿ, ಅವಳ ಮಾತನ್ನು ಗಂಟಲಲ್ಲೇ ತಡೆದಿತ್ತು. ಬಲಗೈಯ ತೋರುಬೆರಳು ಮಾತ್ರ ಹೇಳಿದಂತೆ ಕೇಳುತ್ತಿತ್ತು. ಹಿಂದಿನ ವರ್ಷ ಅವಳು ಎರಡು ದಿನ ಅತ್ತಾಗ ಮನೆಯವರು ಹಠ ಅಂದುಕೊಂಡಿದ್ದರು. ಆಸ್ಪತ್ರೆ ಸೇರುವಷ್ಟರಲ್ಲಿ ಅಪೆಂಡಿಕ್ಸ್ ಒಡೆದಿತ್ತು.

ಚಿತ್ರ ಒತ್ತಿದರೆ ರೆಕಾರ್ಡ್ ಮಾಡಿಟ್ಟ ಮಾತು ಕೇಳಿಸುವ ಸಾಧನವೊಂದಕ್ಕೆ ಸರ್ಕಾರದ ನೆರವು ಕೋರಿ ಅರ್ಜಿ ಹಾಕಿಸಿದೆ. ಅದು ವಾಪಸು ಬಂತು. ಕಾರಣ: ‘ಅರ್ಜಿದಾರಳಿಗೆ ಸಾಧನ ಬಳಸುವಷ್ಟು ಗ್ರಹಣಶಕ್ತಿ ಇಲ್ಲ.’

ಜಗಳಕ್ಕೆಂದೇ ಕಚೇರಿಗೆ ಹೋದೆ. ಅಧಿಕಾರಿ ಫೈಲನ್ನು ನನ್ನ ಕಡೆ ತಿರುಗಿಸಿದರು.

“ಇದು ನಾವು ಬರೆದದ್ದಲ್ಲ ಮೇಡಂ. ಕೆಳಗೆ ಸೈನ್ ಯಾರದ್ದು?”

ನನ್ನದೇ. ಅವಳು ಮೊದಲ ಸಲ ಬಂದ ದಿನ, ಅವರು ತಂದಿದ್ದ ಹಳೆಯ ಅಂಗವೈಕಲ್ಯ ಸರ್ಟಿಫಿಕೇಟಿನ ಸಾಲನ್ನು ಪರೀಕ್ಷಿಸದೆ ನನ್ನ ರಿಪೋರ್ಟಿಗೆ ಇಳಿಸಿದ್ದೆ. ಮುಖ ಎತ್ತಲಾಗದೆ ಹೊರಬಂದೆ.

ಚಿತ್ರಗಳ ಕಾರ್ಡು ಇಟ್ಟು ಮತ್ತೆ ಪರೀಕ್ಷಿಸಿದೆ. ತುಳುವಿನಲ್ಲೋ ಕನ್ನಡದಲ್ಲೋ ಕೇಳಿದ್ದಕ್ಕೆಲ್ಲ ಲಲಿತಾ ಸರಿಯಾದ ಚಿತ್ರ ತೋರಿಸಿದಳು. ಹೊಸ ರಿಪೋರ್ಟು ಬರೆದು ಮತ್ತೆ ಅರ್ಜಿ ಹಾಕಿಸಿದೆ. ನಮ್ಮ ಕೇಂದ್ರದಲ್ಲಿದ್ದ ಅಂಥದೇ ಸಾಧನವನ್ನು ಎರವಲು ತಂದು ವಿಚಾರಣೆಗೆ ಹೋದೆವು. ಅಧಿಕಾರಿ ಅವಳ ಕಿವಿಯ ಬಳಿ ಬಗ್ಗಿ, “ಹೆಸರು ಎಂತ? ಹೆಸರು?” ಎಂದು ಕಿರುಚಿದರು.

ಅವಳ ಬೆರಳು ನಿಧಾನವಾಗಿ ಎರಡು ಚಿತ್ರ ಒತ್ತಿತು. “ಬೊಬ್ಬೆ ಬೇಡ,” ಎಂದಿತು ಸಾಧನ. “ನನಗೆ ಕೇಳ್ತದೆ.”

ಗುಮಾಸ್ತರೊಬ್ಬರು ನಕ್ಕರು. ಅಧಿಕಾರಿ ನಗಲಿಲ್ಲ. ನಾನು ಮೇಜಿನ ಮೇಲಿಟ್ಟಿದ್ದ ಚಿತ್ರದ ಕಾರ್ಡುಗಳನ್ನು ಎತ್ತಿ ನೋಡಿದರು.

“ಇದರಲ್ಲೇ ಆಗ್ತದಲ್ಲ. ಮತ್ತೆ ಯಂತ್ರ ಎಂತಕ್ಕೆ?”

ಅಷ್ಟು ಹೊತ್ತು ಬಾಗಿಲ ಬಳಿ ನಿಂತಿದ್ದ ಕಮಲಕ್ಕ ಮುಂದೆ ಬಂದರು. “ಕಾರ್ಡು ನಾನು ನೋಡಿದ್ರೆ ಮಾತ್ರ ಸಾರ್. ನಾನು ಹಿತ್ತಲಲ್ಲಿದ್ರೆ ಅವಳು ಯಾರಿಗೆ ತೋರಿಸುದು?”

ಅಧಿಕಾರಿ ಫೈಲು ಮುಚ್ಚಿದರು. ಹತ್ತು ದಿನದಲ್ಲಿ ಎರಡನೆಯ ತಿರಸ್ಕಾರ ಬಂತು: ‘ಕಾರ್ಡುಗಳ ಮೂಲಕ ಸಂವಹನ ಸಾಧ್ಯವಿರುವುದರಿಂದ ಸಾಧನದ ಅಗತ್ಯವಿಲ್ಲ.’

ಎರಡೂ ಆದೇಶಗಳನ್ನು ಒಟ್ಟಿಗೆ ಲಗತ್ತಿಸಿ ಮೇಲಿನ ಕಚೇರಿಗೆ ಮೇಲ್ಮನವಿ ಬರೆದೆ. ಮೊದಲ ರಿಪೋರ್ಟು ತಪ್ಪು, ತಪ್ಪು ನನ್ನದು ಎಂದೂ ಸೇರಿಸಿದೆ. “ಅದೊಂದು ಸಾಲು ಬಿಡು ಮಾರಾಯ್ತಿ, ನಿನಗೇ ಕುತ್ತು,” ಎಂದರು ಸಹೋದ್ಯೋಗಿ. ನಾನು ಬಿಡಲಿಲ್ಲ. ಅವರು ಹೇಳಿದಂತೆಯೇ ನನಗೆ ಮೆಮೊ ಬಂತು, ಆ ವರ್ಷದ ವೇತನ ಬಡ್ತಿ ನಿಂತಿತು. ಐದು ತಿಂಗಳ ನಂತರ ಲಲಿತಾಳಿಗೆ ಸಾಧನ ಮಂಜೂರಾಯಿತು. ವಿತರಣೆಯ ದಿನ ಅದೇ ಅಧಿಕಾರಿ ಪೆಟ್ಟಿಗೆಯನ್ನು ಕಮಲಕ್ಕನ ಕೈಗೆ ಕೊಟ್ಟರು. ಲಲಿತಾಳ ಕಡೆ ತಿರುಗಿಯೂ ನೋಡಲಿಲ್ಲ.

ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಆದರೆ ಅವರು ಹಿಡಿದುಕೊಂಡದ್ದು ನಾನೇ ಬರೆದುಕೊಟ್ಟ ಸಾಲನ್ನು. ಆಮೇಲೆ ನಿವೃತ್ತಿಯವರೆಗೂ ಪ್ರತಿ ರಿಪೋರ್ಟನ್ನು ಸಹಿಗೆ ಮೊದಲು, ಅದು ಯಾರ ಬಗ್ಗೆಯೋ ಅವರ ಎದುರು ಕುಳಿತು ಓದಿ ಹೇಳಿದೆ. ಅವರು ಅಲ್ಲವೆಂದು ತಲೆ ಅಲ್ಲಾಡಿಸಿದ ಕಡೆ ನಿಲ್ಲಿಸಿ, ಮತ್ತೆ ಪರೀಕ್ಷಿಸಿದೆ.